ತೆರೆಯುತ್ತದೆ, ತಿದ್ದಲು ಬಿಡುವುದಿಲ್ಲ

ಹಳೆಯ ಲೆಕ್ಕದ ಫೈಲೊಂದನ್ನು ಕ್ಲೌಡಿಗೆ ಏರಿಸಿ ಬ್ರೌಸರಿನಲ್ಲಿ ತೆರೆದರೆ ಮೊದಲ ನೋಟಕ್ಕೆ ಎಲ್ಲವೂ ಇದ್ದ ಹಾಗೇ ಇರುತ್ತದೆ. ಸಾಲುಗಳಿವೆ, ಕೊನೆಯ ಮೊತ್ತ ಇದೆ, ತಲೆಸಾಲಿನ ಹಳದಿ ಬಣ್ಣ ಕೂಡ ಮಾಸಿಲ್ಲ. ಒಂದು ಅಂಕಿ ಬದಲಿಸೋಣವೆಂದು ಹೋದಾಗ ಮಾತ್ರ ಅಡ್ಡಿ ಎದುರಾಗುತ್ತದೆ. ಎಕ್ಸೆಲ್‌ನ ವೆಬ್ ಆವೃತ್ತಿ ಹೆಸರಿನ ಕೊನೆಗೆ .xls ಎಂಬ ಬಾಲವಿರುವ ಹಳೆಯ ಎಕ್ಸ್‌ಎಲ್‌ಎಸ್ ಫೈಲನ್ನು ತೋರಿಸುತ್ತದೆ, ಆದರೆ ತಿದ್ದಬೇಕೆಂದರೆ ಹೊಸ ರೂಪಕ್ಕೆ ಬದಲಿಸಿದ ಪ್ರತಿಯೊಂದನ್ನು ಮಾಡಿಕೊಳ್ಳಲು ಹೇಳುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ‘ಸೇವ್ ಆ್ಯಸ್ ಗೂಗಲ್ ಶೀಟ್ಸ್’ ಕೊಟ್ಟರೂ ಅಷ್ಟೇ, ಮೂಲ ಹಾಗೇ ಉಳಿದು ಅದರ ಪಕ್ಕದಲ್ಲಿ ಇನ್ನೊಂದು ಫೈಲು ಹುಟ್ಟುತ್ತದೆ. ಬಹುತೇಕರು ಆ ಬಟನ್ ಒತ್ತಿ ಕೆಲಸ ಮುಂದುವರಿಸುತ್ತಾರೆ. ‘ಎಡಿಟ್ ಆಗ್ತಿಲ್ಲ’ ಎನ್ನುವ ದೂರು ಅಲ್ಲಿಗೆ ಮುಗಿಯುತ್ತದೆ.

ನನ್ನನ್ನು ಕಾಡುವುದು ಆ ಬಟನ್ ಒತ್ತಿದ ಮೇಲಿನ ಕತೆ. ತಿದ್ದಲು ಬಿಡದ ಫೈಲು ತೊಂದರೆ ಕೊಡುವುದು ಐದು ನಿಮಿಷ. ಸದ್ದಿಲ್ಲದೆ ಬದಲಾದ ಲೆಕ್ಕ ವರ್ಷಗಟ್ಟಲೆ ತೊಂದರೆ ಕೊಡುತ್ತದೆ. ರೂಪ ಬದಲಿಸುವುದನ್ನು ಒಂದು ಕ್ಲಿಕ್ ಎಂದುಕೊಳ್ಳದೆ, ಒಮ್ಮೆ ಕೂತು, ತಾಳೆ ನೋಡಿ ಮುಗಿಸಬೇಕಾದ ಕೆಲಸವೆಂದು ಎಣಿಸಬೇಕು.

ಒಳಗೆ ಏನಿದೆ

ಎಕ್ಸೆಲ್ 97ರಿಂದ 2003ರವರೆಗಿನ ಎಕ್ಸ್‌ಎಲ್‌ಎಸ್ ಫೈಲು ಬೈನರಿ ರೂಪದ್ದು, ಅಂದರೆ ಯಂತ್ರಕ್ಕಷ್ಟೇ ಓದಲು ಬರುವ ಸಂಕೇತಗಳದ್ದು. ಒಂದು ಪುಟ್ಟ ಡಿಸ್ಕನ್ನೇ ಫೈಲಿನೊಳಗೆ ಕೂರಿಸಿದ ಹಾಗೆ, 512 ಬೈಟುಗಳ ತುಂಡುಗಳಲ್ಲಿ ಎಲ್ಲವನ್ನೂ ಜೋಡಿಸಿಟ್ಟಿರುತ್ತದೆ. ಅದರಲ್ಲಿ ಒಂದು ಶೀಟಿಗೆ 65,536 ಸಾಲು, 256 ಕಾಲಮ್ಮು, ಕೊನೆಯ ಕಾಲಮ್ಮಿನ ಹೆಸರು ‘ಐವಿ’. ಒಂದರೊಳಗೊಂದು ಫಂಕ್ಷನ್ ಇಡುವುದಕ್ಕೆ 7 ಹಂತದ ಮಿತಿ, ಷರತ್ತಿನಂತೆ ಸೆಲ್ಲಿನ ಬಣ್ಣ ಬದಲಿಸುವ ಕಂಡಿಷನಲ್ ಫಾರ್ಮ್ಯಾಟಿಂಗಿಗೆ 3 ಷರತ್ತುಗಳ ಮಿತಿ, ಬಣ್ಣಗಳು 56. ಎಕ್ಸೆಲ್ 2007ರ ಜೊತೆ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಬೇರೆಯೇ ಜಾತಿ. ಅದೊಂದು ಜಿಪ್ ಕಟ್ಟು, ಒಳಗಿರುವುದು ಎಕ್ಸ್‌ಎಂಎಲ್ ಪಠ್ಯ. 10,48,576 ಸಾಲು, 16,384 ಕಾಲಮ್ಮು, ಕೊನೆಯದು ‘ಎಕ್ಸ್‌ಎಫ್‌ಡಿ’. ಹೊಸದರಲ್ಲಿ ಮಾಡಿದ ಎಷ್ಟೋ ಬದಲಾವಣೆಗಳನ್ನು ಬರೆದಿಡಲು ಹಳೆಯ ರೂಪದಲ್ಲಿ ಜಾಗವೇ ಇಲ್ಲ. ಒನ್‌ಡ್ರೈವ್‌ನಲ್ಲಿಟ್ಟ ಎಕ್ಸ್‌ಎಲ್‌ಎಸ್ ಫೈಲನ್ನು ಡೆಸ್ಕ್‌ಟಾಪ್ ಎಕ್ಸೆಲ್‌ನಲ್ಲಿ ತೆರೆದರೂ ಆಟೋಸೇವ್ ಕೆಲಸ ಮಾಡುವುದಿಲ್ಲ, ಇಬ್ಬರು ಒಟ್ಟಿಗೆ ತಿದ್ದಲಾಗುವುದಿಲ್ಲ.

ತೆರೆಯುವುದೇ ಇಲ್ಲ ಎನ್ನುವ ಫೈಲುಗಳ ವಿಷಯ ಬೇರೆ. ಅಂಥದ್ದನ್ನು ಮೊದಲು ನೋಟ್‌ಪ್ಯಾಡಿಗೆ ಎಳೆದು ಹಾಕಿ ನೋಡಬೇಕು. ಶುರುವಿನಲ್ಲಿ ‘ಪಿಕೆ’ ಎಂಬ ಎರಡು ಇಂಗ್ಲಿಷ್ ಅಕ್ಷರ ಕಂಡರೆ ಅದು ನಿಜಕ್ಕೂ ಹೊಸ ರೂಪದ್ದು, ಯಾರೋ ಹೆಸರಿನ ಬಾಲ ಬದಲಿಸಿದ್ದಾರೆ. ‘ಎಚ್‌ಟಿಎಂಎಲ್’ ಅಥವಾ ‘ಟೇಬಲ್’ ಎಂಬ ಟ್ಯಾಗ್ ಕಂಡರೆ ಅದು ಸ್ಪ್ರೆಡ್‌ಶೀಟೇ ಅಲ್ಲ. ಎಷ್ಟೋ ಹಳೆಯ ಲೆಕ್ಕಪತ್ರದ ತಂತ್ರಾಂಶಗಳು ವರದಿಯನ್ನು ವೆಬ್ ಪುಟದ ರೂಪದಲ್ಲಿ ಬರೆದು ಎಕ್ಸ್‌ಎಲ್‌ಎಸ್ ಎಂದು ಹೆಸರಿಟ್ಟು ಕೊಡುತ್ತಿದ್ದವು. ಡೆಸ್ಕ್‌ಟಾಪ್ ಎಕ್ಸೆಲ್ ‘ಹೆಸರಿಗೂ ಒಳಗಿನ ರೂಪಕ್ಕೂ ಹೊಂದಾಣಿಕೆ ಇಲ್ಲ’ ಎಂದು ಎಚ್ಚರಿಸಿ ಆದರೂ ತೆರೆಯುತ್ತದೆ. ಅಲ್ಲಿ ತೆರೆದು ಹೊಸ ರೂಪದಲ್ಲಿ ಸೇವ್ ಮಾಡಿದರೆ ಮುಗಿಯಿತು. ಬರೀ ಅರ್ಥವಿಲ್ಲದ ಚಿಹ್ನೆಗಳು ಕಂಡರೆ ಮಾತ್ರ ಅದು ಅಸಲಿ ಹಳೆಯ ಫೈಲು.

ಅಸಲಿ ಫೈಲೂ ತೆರೆಯದಿದ್ದರೆ ಪಾಸ್‌ವರ್ಡ್ ಕಡೆ ನೋಡಬೇಕು. ತೆರೆಯಲು ಪಾಸ್‌ವರ್ಡ್ ಇರುವ ಫೈಲನ್ನು ಡೆಸ್ಕ್‌ಟಾಪಿನಲ್ಲಿ ಬಿಚ್ಚಿ, ಪಾಸ್‌ವರ್ಡ್ ತೆಗೆದು, ಆಮೇಲೆ ಕ್ಲೌಡಿಗೆ ಏರಿಸುವುದು ಒಳ್ಳೆಯದು. ಆದರೆ ತೆರೆಯಲು ಏನನ್ನೂ ಕೇಳದ ಫೈಲೂ ಒಳಗೆ ಗೂಢಲಿಪಿಯಲ್ಲಿ ಇರಬಹುದು ಎನ್ನುವುದು ಹಲವರಿಗೆ ಗೊತ್ತಿಲ್ಲ. ಹಳೆಯ ಎಕ್ಸೆಲ್‌ನಲ್ಲಿ ಶೀಟುಗಳನ್ನು ಅಳಿಸದಂತೆ, ಸೇರಿಸದಂತೆ ‘ಪ್ರೊಟೆಕ್ಟ್ ವರ್ಕ್‌ಬುಕ್’ ಹಾಕಿ ಪಾಸ್‌ವರ್ಡ್ ಕೊಟ್ಟರೆ, ಅದು ಇಡೀ ಫೈಲನ್ನು ‘ವೆಲ್ವೆಟ್‌ಸ್ವೆಟ್‌ಶಾಪ್’ ಎಂಬ ತನ್ನದೇ ಗುಪ್ತಪದದಿಂದ ಮುಚ್ಚುತ್ತಿತ್ತು. ಎಕ್ಸೆಲ್‌ಗೆ ಆ ಪದ ಗೊತ್ತಿರುವುದರಿಂದ ನಮಗೆ ಏನೂ ಕಾಣುವುದಿಲ್ಲ. ಬೇರೆ ತಂತ್ರಾಂಶಕ್ಕೆ ಆ ಪದ ಗೊತ್ತಿಲ್ಲದಿದ್ದರೆ ಫೈಲು ಕೆಟ್ಟಿದೆ ಎಂದುಬಿಡುತ್ತದೆ. ಆ ರಕ್ಷಣೆ ತೆಗೆದು ಮತ್ತೆ ಸೇವ್ ಮಾಡಿದರೆ ‘ಕೆಟ್ಟ’ ಫೈಲು ಸರಿಹೋಗುತ್ತದೆ. ಇನ್ನು ಎಕ್ಸೆಲ್ 95 ಮತ್ತು ಅದಕ್ಕಿಂತ ಹಿಂದಿನವು ಇನ್ನೂ ಹಳೆಯ ಬೈನರಿ ರೂಪದವು. ಗೂಗಲ್ ಶೀಟ್ಸ್ ಅವನ್ನು ತೆಗೆದುಕೊಳ್ಳುವುದಿಲ್ಲ. ಅವಕ್ಕೆ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ದಾರಿ.

ಹೆಸರು ಸೆಲ್ಲಾಗಿ ಬದಲಾಗುವುದು

ಸದ್ದಿಲ್ಲದೆ ಕೆಡುವ ಲೆಕ್ಕ ಹೇಗಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ತೆರಿಗೆ ಲೆಕ್ಕದ ಒಂದು ಹಳೆಯ ಫೈಲು ಎಂದುಕೊಳ್ಳಿ. ಪ್ರತಿ ವರ್ಷದ ದರವಿರುವ ಸೆಲ್ಲಿಗೆ ಒಂದೊಂದು ಹೆಸರು ಕೊಟ್ಟಿದ್ದಾರೆ: ಟ್ಯಾಕ್ಸ್2009, ಟ್ಯಾಕ್ಸ್2010, ಟ್ಯಾಕ್ಸ್2011. ಟಿ, ಎ, ಎಕ್ಸ್ ಎಂಬ ಮೂರು ಇಂಗ್ಲಿಷ್ ಅಕ್ಷರ, ಪಕ್ಕದಲ್ಲೇ ವರ್ಷ. ಹಳೆಯ ಎಕ್ಸೆಲ್‌ನಲ್ಲಿ ಕಾಲಮ್ಮುಗಳು ಎರಡಕ್ಷರದ ‘ಐವಿ’ಗೇ ಮುಗಿಯುತ್ತಿದ್ದುದರಿಂದ ಮೂರಕ್ಷರದ ಹೆಸರು ಯಾವತ್ತೂ ಸೆಲ್ಲಿನ ವಿಳಾಸ ಆಗುವಂತಿರಲಿಲ್ಲ. ಹೊಸ ರೂಪದಲ್ಲಿ ಟಿ-ಎ-ಎಕ್ಸ್ ಎಂಬುದು 13,570ನೇ ಕಾಲಮ್ಮು. ಅಂದರೆ ಟ್ಯಾಕ್ಸ್2010 ಎಂಬುದು ಈಗ ಹೆಸರಲ್ಲ, ಆ ಕಾಲಮ್ಮಿನ 2010ನೇ ಸಾಲಿನ ಸೆಲ್ಲು.

ಎಕ್ಸೆಲ್‌ಗೆ ಈ ಗೋಜಲು ಗೊತ್ತಿದೆ. ರೂಪ ಬದಲಿಸುವಾಗ ಅಂಥ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಸೇರಿಸಿ, ಆ ಹೆಸರನ್ನು ನೇರವಾಗಿ ಬಳಸಿದ ಸೂತ್ರಗಳನ್ನೆಲ್ಲ ತಾನೇ ಸರಿಪಡಿಸುತ್ತದೆ. ತೊಂದರೆ ಇರುವುದು ಹೆಸರನ್ನು ಜೋಡಿಸಿಕೊಳ್ಳುವ ಸೂತ್ರದಲ್ಲಿ. ಬಿ1 ಸೆಲ್ಲಿನ ಪಟ್ಟಿಯಿಂದ ವರ್ಷ ಆರಿಸಿದರೆ, ಪಠ್ಯವನ್ನು ಸೆಲ್ಲಿನ ಹೆಸರೆಂದು ಓದುವ ಇನ್‌ಡೈರೆಕ್ಟ್ ಫಂಕ್ಷನ್ನು ‘ಟ್ಯಾಕ್ಸ್’ ಎಂಬ ಪಠ್ಯಕ್ಕೆ ಆ ವರ್ಷ ಅಂಟಿಸಿ ದರ ತರುವ ಹಾಗೆ ಬರೆದಿರುತ್ತಾರೆ. ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನು ಎಕ್ಸೆಲ್ ಮುಟ್ಟುವುದಿಲ್ಲ. ಹಾಗಾಗಿ ರೂಪ ಬದಲಾದ ಮೇಲೆ ಇನ್‌ಡೈರೆಕ್ಟ್ ಹೋಗಿ ನೋಡುವುದು ದೂರದ ಆ ಖಾಲಿ ಸೆಲ್ಲನ್ನು. ಖಾಲಿ ಸೆಲ್ಲಿನ ಬೆಲೆ 0. ತೆರಿಗೆ 0. ಒಟ್ಟು ಮೊತ್ತದ ಸೆಲ್ಲು ಯಾವ ದೋಷವನ್ನೂ ತೋರಿಸದೆ, ತೆರಿಗೆ ಸೇರದ ಅಂಕಿಯನ್ನು ಅದೇ ದಪ್ಪ ಅಕ್ಷರದಲ್ಲಿ ತೋರಿಸುತ್ತಾ ಕೂತಿರುತ್ತದೆ.

ಪರಿಹಾರ ಸರಳ, ಆದರೆ ರೂಪ ಬದಲಿಸುವ ಮುಂಚೆಯೇ ಮಾಡಬೇಕು. ಡೆಸ್ಕ್‌ಟಾಪ್ ಎಕ್ಸೆಲ್‌ನಲ್ಲಿ ಕಂಟ್ರೋಲ್ ಎಫ್3 ಒತ್ತಿ ಹೆಸರುಗಳ ಪಟ್ಟಿ ತೆರೆಯಿರಿ. ಒಂದರಿಂದ ಮೂರು ಇಂಗ್ಲಿಷ್ ಅಕ್ಷರ, ಅದರ ಬೆನ್ನಿಗೇ ಅಂಕಿ ಇರುವ ಹೆಸರುಗಳನ್ನೆಲ್ಲ ಗುರುತು ಮಾಡಿ. ಅಕ್ಷರಕ್ಕೂ ಅಂಕಿಗೂ ನಡುವೆ ಅಂಡರ್‌ಸ್ಕೋರ್ ಹಾಕಿ ಮರುಹೆಸರಿಡಿ. ಆಮೇಲೆ ಸೂತ್ರಗಳಲ್ಲಿ ‘ಇನ್‌ಡೈರೆಕ್ಟ್’ ಎಂದು ಹುಡುಕಿ, ಉದ್ಧರಣದೊಳಗಿನ ಪಠ್ಯಕ್ಕೂ ಅದೇ ಅಂಡರ್‌ಸ್ಕೋರ್ ಸೇರಿಸಿ. ಮ್ಯಾಕ್ರೊ (ಫೈಲಿನೊಳಗೆ ಬರೆದಿಟ್ಟ ಪುಟ್ಟ ಪ್ರೋಗ್ರಾಮ್) ಇದ್ದರೆ ಅದರಲ್ಲೂ ಹುಡುಕಬೇಕು, ಅಲ್ಲಿಯೂ ಹೆಸರುಗಳು ಪಠ್ಯವಾಗಿಯೇ ಕೂತಿರುತ್ತವೆ. ಹಾಗೆಯೇ 65536 ಎಂಬ ಅಂಕಿಯನ್ನೂ ಹುಡುಕಿ. ಕೊನೆಯ ಸಾಲಿನಿಂದ ಮೇಲಕ್ಕೆ ಬಂದು ಮಾಹಿತಿ ಎಲ್ಲಿ ಮುಗಿದಿದೆ ಎಂದು ನೋಡುವ ಹಳೆಯ ಮ್ಯಾಕ್ರೊಗಳಲ್ಲಿ ಅದು ಇದ್ದೇ ಇರುತ್ತದೆ. ಹೊಸ ಶೀಟಿನಲ್ಲಿ ಮಾಹಿತಿ ಆ ಸಾಲನ್ನು ದಾಟಿದ ದಿನ ಅದು ತಪ್ಪು ಜಾಗ ತೋರಿಸುತ್ತದೆ.

ಎರಡು ಪ್ರತಿ, ಒಂದು ಲಿಂಕು

ಹಳೆಯ ಫೈಲುಗಳು ಒಂಟಿಯಾಗಿರುವುದು ಕಡಿಮೆ. ‘ದರಪಟ್ಟಿ’ ಎಂಬ ಫೈಲಿನಿಂದ ‘ಬಿಲ್ಲು’ ಎಂಬ ಫೈಲು ದರಗಳನ್ನು ಓದಿಕೊಳ್ಳುತ್ತಿದೆ ಎಂದಿಟ್ಟುಕೊಳ್ಳಿ. ಯಾರೋ ಒಬ್ಬರು ಬ್ರೌಸರಿನಲ್ಲಿ ದರಪಟ್ಟಿ ತೆರೆದು, ಬಟನ್ ಒತ್ತಿ, ಹೊಸ ಪ್ರತಿಯಲ್ಲಿ ದರಗಳನ್ನು ತಿದ್ದುತ್ತಾರೆ. ಮರುದಿನದಿಂದ ಎಲ್ಲರೂ ಆ ಹೊಸ ಪ್ರತಿಯನ್ನೇ ಬಳಸುತ್ತಾರೆ. ಬಿಲ್ಲಿನ ಫೈಲಿಗೆ ಮಾತ್ರ ಇದು ಗೊತ್ತಿಲ್ಲ. ಅದರ ಸೂತ್ರದಲ್ಲಿ ಇರುವುದು ಎಕ್ಸ್‌ಎಲ್‌ಎಸ್ ಎಂಬ ಬಾಲವಿರುವ ಹಳೆಯ ಹೆಸರು, ಆ ಹಳೆಯ ಫೈಲು ಅದೇ ಫೋಲ್ಡರಿನಲ್ಲಿ ಇನ್ನೂ ಇದೆ. ಲಿಂಕು ಮುರಿದಿಲ್ಲ, ಎಚ್ಚರಿಕೆಯೂ ಇಲ್ಲ. ಬಿಲ್ಲುಗಳು ಹಳೆಯ ದರದಲ್ಲಿ ಹೋಗುತ್ತಲೇ ಇರುತ್ತವೆ. ಹಳೆಯ ದರಪಟ್ಟಿಯನ್ನು ಅಳಿಸಿದ್ದರೆ ಕೊನೇ ಪಕ್ಷ ಲಿಂಕು ಸಿಗುತ್ತಿಲ್ಲ ಎಂಬ ಕೂಗಾದರೂ ಕೇಳುತ್ತಿತ್ತು. ಜೋಪಾನ ಮಾಡಿಟ್ಟದ್ದೇ ಇಲ್ಲಿ ಮುಳುವಾಯಿತು.

ಎರಡನ್ನೂ ಕ್ಲೌಡಿಗೆ ಏರಿಸಿದಾಗ ಇನ್ನೊಂದು ಬಗೆಯ ಮೌನ ಎದುರಾಗುತ್ತದೆ. ಲಿಂಕಿನಲ್ಲಿ ಡಿ ಡ್ರೈವಿನ ಯಾವುದೋ ಫೋಲ್ಡರಿನ ದಾರಿ ಬರೆದಿರುತ್ತದೆ, ಬ್ರೌಸರಿಗೆ ಆ ಡ್ರೈವ್ ಕಾಣುವುದಿಲ್ಲ. ಆದರೂ ಸೆಲ್ಲಿನಲ್ಲಿ ಅಂಕಿ ಇರುತ್ತದೆ, ಏಕೆಂದರೆ ಹೊರಗಿನ ಫೈಲಿನಿಂದ ಕಡೆಯ ಬಾರಿ ಓದಿದ ಬೆಲೆಗಳ ನಕಲನ್ನು ಎಕ್ಸ್‌ಎಲ್‌ಎಸ್ ತನ್ನೊಳಗೇ ಇಟ್ಟುಕೊಂಡಿರುತ್ತದೆ. ನೋಡಿದವರಿಗೆ ಲಿಂಕು ಜೀವಂತ ಇದೆ ಎನಿಸುತ್ತದೆ. ಗೂಗಲ್ ಶೀಟ್ಸ್‌ನಲ್ಲಂತೂ ಇಂಥ ಲಿಂಕನ್ನು, ಇನ್ನೊಂದು ಫೈಲಿನಿಂದ ಓದುವ ಇಂಪೋರ್ಟ್‌ರೇಂಜ್ ಫಂಕ್ಷನ್ನು ಬಳಸಿ ಹೊಸದಾಗಿಯೇ ಬರೆಯಬೇಕು.

ಹಾಗಾಗಿ ಮೊದಲ ಕೆಲಸ ಯಾವ ಫೈಲು ಯಾವುದರಿಂದ ಓದುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆದುಕೊಳ್ಳುವುದು. ಡೆಸ್ಕ್‌ಟಾಪಿನಲ್ಲಿ ‘ಎಡಿಟ್ ಲಿಂಕ್ಸ್’ (ಹೊಸ ಆವೃತ್ತಿಗಳಲ್ಲಿ ‘ವರ್ಕ್‌ಬುಕ್ ಲಿಂಕ್ಸ್’) ಪಟ್ಟಿ ನೋಡಿ. ಅದರ ಜೊತೆಗೆ ಇಡೀ ವರ್ಕ್‌ಬುಕ್ಕಿನ ಸೂತ್ರಗಳಲ್ಲಿ ಚೌಕ ಆವರಣದ ಚಿಹ್ನೆಯನ್ನು ಹುಡುಕಿ, ಹೊರಗಿನ ಫೈಲಿನ ಹೆಸರು ಇರುವುದು ಆ ಆವರಣದೊಳಗೆ. ಅಲ್ಲಿ ಸಿಗದ ಲಿಂಕುಗಳು ಹೆಸರುಗಳ ಪಟ್ಟಿಯಲ್ಲಿ, ಚಾರ್ಟಿನಲ್ಲಿ, ಕಂಡಿಷನಲ್ ಫಾರ್ಮ್ಯಾಟಿಂಗಿನಲ್ಲಿ ಅಡಗಿರುತ್ತವೆ. ನಂತರ ಬೇರೆ ಯಾವ ಫೈಲಿನಿಂದಲೂ ಓದದ ಮೂಲ ಫೈಲನ್ನು ಮೊದಲು ಬದಲಿಸಿ, ಅದರಿಂದ ಓದುವುದನ್ನು ಆಮೇಲೆ ಬದಲಿಸಿ, ‘ಚೇಂಜ್ ಸೋರ್ಸ್’ ಕೊಟ್ಟು ಹೊಸ ಹೆಸರಿಗೆ ಜೋಡಿಸುತ್ತಾ ಬನ್ನಿ. ಈ ಕ್ರಮ ತಪ್ಪಿದರೆ ಒಂದೇ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆ.

ಪೈಸೆ ವ್ಯತ್ಯಾಸ

ಎಕ್ಸೆಲ್‌ನ ಆಯ್ಕೆಗಳ ‘ಅಡ್ವಾನ್ಸ್ಡ್’ ಭಾಗದಲ್ಲಿ ‘ಸೆಟ್ ಪ್ರಿಸಿಷನ್ ಆ್ಯಸ್ ಡಿಸ್‌ಪ್ಲೇಡ್’ ಎಂಬ ಒಂದು ಗುರುತು ಇದೆ. ಪರದೆಯ ಮೇಲೆ ಕಾಣುವಷ್ಟೇ ದಶಾಂಶ ಇಟ್ಟುಕೊಂಡು ಲೆಕ್ಕ ಹಾಕು ಎಂದು ಅದರ ಅರ್ಥ. ಅದು ಆಯಾ ವರ್ಕ್‌ಬುಕ್ಕಿಗೆ ಅಂಟಿಕೊಂಡ ಆಯ್ಕೆ, ಗೂಗಲ್ ಶೀಟ್ಸ್‌ನಲ್ಲಿ ಅಂಥದ್ದಿಲ್ಲ. 100ನ್ನು ಮೂವರಿಗೆ ಹಂಚಿದ ಸಾಲುಗಳನ್ನು ನೋಡಿ. ಮೂರೂ ಸೆಲ್ಲಿನಲ್ಲಿ 33.33. ಗುರುತು ಇದ್ದಾಗ ಮೊತ್ತ 99.99, ಇಲ್ಲದಿದ್ದಾಗ 100.00. ಎರಡರಲ್ಲಿ ಯಾವುದು ಸರಿ ಎನ್ನುವುದು ಪ್ರಶ್ನೆಯಲ್ಲ. ಹಿಂದಿನ ವರ್ಷಗಳ ಮುದ್ರಿತ ವರದಿಯಲ್ಲಿ 99.99 ಇದ್ದು, ಈಗ 100.00 ಬಂದರೆ ತಾಳೆ ಬೀಳದ ಆ ಪೈಸೆಯನ್ನು ಹುಡುಕಲು ಒಬ್ಬರ ಇಡೀ ದಿನ ಹೋಗುತ್ತದೆ. ಗೂಗಲ್ ಶೀಟ್ಸ್‌ಗೆ ಹೋಗುವ ಮುಂಚೆ ಈ ಗುರುತು ಇದೆಯೇ ನೋಡಿ, ಇದ್ದರೆ ಸಂಬಂಧಪಟ್ಟ ಸೂತ್ರಗಳಿಗೆ ರೌಂಡ್ ಫಂಕ್ಷನ್ನು ಸುತ್ತಿ.

ತನ್ನನ್ನೇ ಸುತ್ತಿ ಬರುವ ಸೂತ್ರಗಳಿಗೂ ಇದೇ ಎಚ್ಚರ ಬೇಕು. ಉತ್ತರ ನೆಲೆಗೆ ಬರುವವರೆಗೆ ಮತ್ತೆ ಮತ್ತೆ ಲೆಕ್ಕ ಹಾಕುವ ಎಕ್ಸೆಲ್‌ನ ಇಟರೇಟಿವ್ ಲೆಕ್ಕದಲ್ಲಿ ಪೂರ್ವನಿಗದಿ 100 ಸುತ್ತು, 0.001 ವ್ಯತ್ಯಾಸ. ಗೂಗಲ್ ಶೀಟ್ಸ್‌ನಲ್ಲಿ ಅದನ್ನು ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ಆನ್ ಮಾಡಬೇಕು, ಅಲ್ಲಿನ ಪೂರ್ವನಿಗದಿ 50 ಸುತ್ತು, 0.05. ಹಾಗೇ ಬಿಟ್ಟರೆ ಉತ್ತರ ಹತ್ತಿರ ಬರುತ್ತದೆ, ಅದೇ ಬರುವುದಿಲ್ಲ. ಹಳೆಯ ಮ್ಯಾಕಿಂತೋಷ್ ಎಕ್ಸೆಲ್‌ನಲ್ಲಿ ಹುಟ್ಟಿದ ಫೈಲುಗಳು ದಿನಾಂಕವನ್ನು 1904ರಿಂದ ಎಣಿಸುತ್ತವೆ. ಅದರಿಂದ ನಕಲು ಮಾಡಿ ಬೇರೆ ಫೈಲಿಗೆ ಅಂಟಿಸಿದ ದಿನಾಂಕಗಳು ಸರಿಯಾಗಿ 1,462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ ಆಚೀಚೆ ಆಗಿದ್ದರೆ ಕಾರಣ ಅದೇ.

ಮ್ಯಾಕ್ರೊಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ವಿಬಿಎ ಮ್ಯಾಕ್ರೊ ಬ್ರೌಸರಿನಲ್ಲಿ ಓಡುವುದಿಲ್ಲ, ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಸೇವ್ ಮಾಡಿದರೆ ಅದು ಫೈಲಿನಿಂದಲೇ ಹೋಗಿಬಿಡುತ್ತದೆ. ಉಳಿಸಿಕೊಳ್ಳಬೇಕಿದ್ದರೆ ಎಕ್ಸ್‌ಎಲ್‌ಎಸ್‌ಎಂ ಆಗಿ ಸೇವ್ ಮಾಡಿ ಡೆಸ್ಕ್‌ಟಾಪಿನಲ್ಲೇ ಓಡಿಸಬೇಕು.

ಖಾಲಿ ಸೆಲ್ಲುಗಳ ಭಾರ

ಗೂಗಲ್ ಶೀಟ್ಸ್‌ನ ಒಂದು ಫೈಲಿಗೆ 1 ಕೋಟಿ ಸೆಲ್ಲುಗಳ ಮಿತಿ ಇದೆ, ಖಾಲಿ ಸೆಲ್ಲೂ ಲೆಕ್ಕಕ್ಕೆ ಸೇರುತ್ತದೆ. ಮೂರು ಶೀಟುಗಳಲ್ಲಿ 60 ಕಾಲಮ್ಮುಗಳಿಗೆ ಕೊನೆಯ ಸಾಲಿನವರೆಗೂ ಗೆರೆ ಎಳೆದಿದ್ದಾರೆ ಎನ್ನಿ. 65,536ನ್ನು 60ರಿಂದ ಗುಣಿಸಿದರೆ 39,32,160, ಮೂರು ಶೀಟಿಗೆ 1,17,96,480. ಮಾಹಿತಿ ಇರುವುದು ಇನ್ನೂರು ಸಾಲು, ಮಿತಿ ದಾಟಿಯಾಯಿತು. ಪ್ರತಿ ಶೀಟಿನಲ್ಲಿ ಕಂಟ್ರೋಲ್ ಎಂಡ್ ಒತ್ತಿ ನೋಡಿ. ಕರ್ಸರ್ ಮಾಹಿತಿಯ ಕೊನೆಯ ಸಾಲಿನಲ್ಲಿ ನಿಲ್ಲದೆ ಎಲ್ಲೋ ಕೆಳಗೆ ಹೋಗಿ ಕೂತರೆ, ನಡುವಿನ ಖಾಲಿ ಸಾಲುಗಳನ್ನು ಆರಿಸಿ ಡಿಲೀಟ್ ಕೀಲಿಯಿಂದಲ್ಲ, ‘ಡಿಲೀಟ್ ರೋಸ್’ ಮೂಲಕ ತೆಗೆದು ಸೇವ್ ಮಾಡಿ. ಡಿಲೀಟ್ ಕೀಲಿ ಒಳಗಿನದನ್ನು ಅಳಿಸುತ್ತದೆ, ಗೆರೆ ಬಣ್ಣಗಳು ಹಾಗೇ ಉಳಿಯುತ್ತವೆ.

ಅಕ್ಷರ ಇದೆ, ಫಾಂಟ್ ಇಲ್ಲ

ನುಡಿ, ಬರಹ ಕಾಲದ ಆಸ್ಕಿ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡ ಕಾಲಮ್ಮುಗಳು ಬ್ರೌಸರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅದನ್ನು ಕಂಡು ಫೈಲು ಹಾಳಾಯಿತೆಂದು ಎಸೆಯಬೇಡಿ. ಸೆಲ್ಲಿನಲ್ಲಿ ಮೊದಲಿನಿಂದಲೂ ಇದ್ದದ್ದು ಅವೇ ಸಂಕೇತಗಳು, ಅವಕ್ಕೆ ಕನ್ನಡದ ಆಕಾರ ಕೊಡುತ್ತಿದ್ದದ್ದು ಆ ಗಣಕದಲ್ಲಿದ್ದ ಫಾಂಟು. ಕ್ಲೌಡಿನಲ್ಲಿ ಆ ಫಾಂಟು ಇಲ್ಲ, ಅಷ್ಟೇ. ಆಸ್ಕಿಯಿಂದ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಇಡೀ ಶೀಟನ್ನು ಅದರೊಳಗೆ ಸುರಿದರೆ ಇಂಗ್ಲಿಷಿನಲ್ಲಿದ್ದ ಕೋಡುಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಫೈಂಡ್ ಕಿಟಕಿಯಲ್ಲಿ ‘ಫಾರ್ಮ್ಯಾಟ್’ ಆರಿಸಿ, ಆ ಫಾಂಟು ಇರುವ ಸೆಲ್ಲುಗಳನ್ನಷ್ಟೇ ಹುಡುಕಿ, ಅವನ್ನು ಮಾತ್ರ ಬದಲಿಸಿ.

ಇದರಲ್ಲಿ ಇನ್ನೆರಡು ಅಪಾಯಗಳಿವೆ. ಅಂಕಿಗಳನ್ನು ಕನ್ನಡದಲ್ಲಿ ತೋರಿಸುತ್ತಿದ್ದ ಫಾಂಟುಗಳಲ್ಲಿ ಸೆಲ್ಲಿನ ಒಳಗಿದ್ದದ್ದು ನಿಜವಾದ ಸಂಖ್ಯೆಯೇ. ಅದನ್ನೂ ಪರಿವರ್ತಕಕ್ಕೆ ಕೊಟ್ಟು ಕನ್ನಡ ಅಂಕಿಗಳ ಪಠ್ಯವಾಗಿ ಅಂಟಿಸಿದರೆ ಸಮ್ ಫಂಕ್ಷನ್ನು ಅವನ್ನು ಬಿಟ್ಟು ಕೂಡುತ್ತದೆ. ಸಂಖ್ಯೆಗಳ ಕಾಲಮ್ಮನ್ನು ಮುಟ್ಟದಿರುವುದೇ ಕ್ಷೇಮ. ಎರಡನೆಯದು ಹುಡುಕಾಟ. ಒಂದು ಶೀಟಿನ ಹೆಸರುಗಳನ್ನು ಯೂನಿಕೋಡಿಗೆ ತಂದು ಇನ್ನೊಂದನ್ನು ಹಾಗೇ ಬಿಟ್ಟರೆ ಹೆಸರು ಹುಡುಕಿ ಅದರ ಸಾಲಿನ ಬೆಲೆ ತರುವ ವಿಲುಕಪ್ ಫಂಕ್ಷನ್ನಿಗೆ ಒಂದೂ ಸಿಗುವುದಿಲ್ಲ. ಎರಡೂ ಕಡೆ ಒಂದೇ ಪರಿವರ್ತಕದಿಂದ, ಒಂದೇ ಸಲ ಬದಲಿಸಿ. ಹಾಗೆಯೇ ಬದಲಿಸುವ ಮುಂಚೆ ಆ ಕಾಲಮ್ಮಿನ ಮೇಲೆ ಪ್ರಾಪರ್, ಅಪ್ಪರ್ ಫಂಕ್ಷನ್ನುಗಳನ್ನು ಓಡಿಸಬೇಡಿ. ಇಂಗ್ಲಿಷಿನ ಸಣ್ಣಕ್ಷರ ದೊಡ್ಡಕ್ಷರವಾದರೆ ಕನ್ನಡದ ಅಕ್ಷರವೇ ಬೇರೆಯಾಗುತ್ತದೆ, ಮತ್ತೆ ಹಿಂದಕ್ಕೆ ತರುವ ದಾರಿ ಇಲ್ಲ.

ತಾಳೆ ನೋಡುವ ಕ್ರಮ

ಎಲ್ಲ ಹಳೆಯ ಫೈಲನ್ನೂ ಬದಲಿಸಬೇಕಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಮುಂದೆ ಯಾರೂ ತಿದ್ದದ ಫೈಲಿಗೆ ಒಂದು ಪಿಡಿಎಫ್ ಮಾಡಿ, ಮೂಲವನ್ನು ಹಾಗೇ ಇಟ್ಟರೆ ಸಾಕು. ಸೂತ್ರಗಳೇ ಇಲ್ಲದ ಬರೀ ಪಟ್ಟಿಗಳು ನೂರಾರು ಇದ್ದರೆ ಲಿಬ್ರೆ ಆಫೀಸ್‌ನ ಸಾಲುಗಟ್ಟಿ ಬದಲಿಸುವ ಸೌಲಭ್ಯಕ್ಕೆ ಕೊಟ್ಟುಬಿಡಬಹುದು. ಸೂತ್ರ, ಹೆಸರು, ಲಿಂಕು ಇರುವವನ್ನು ಮಾತ್ರ ಒಂದೊಂದಾಗಿ, ಡೆಸ್ಕ್‌ಟಾಪ್ ಎಕ್ಸೆಲ್‌ನಲ್ಲಿ ಮಾಡಬೇಕು.

ಅಲ್ಲಿ ‘ಫೈಲ್’ ಮೆನುವಿನ ‘ಇನ್ಫೊ’ದಲ್ಲಿ ಕಾಣುವ ‘ಕನ್ವರ್ಟ್’ ಮೂಲ ಫೈಲಿನ ಜಾಗದಲ್ಲೇ ಹೊಸದನ್ನು ಕೂರಿಸುತ್ತದೆ, ಹಳೆಯದು ಉಳಿಯುವುದಿಲ್ಲ. ಅದರ ಬದಲು ‘ಸೇವ್ ಆ್ಯಸ್’ ಬಳಸಿ. ಸೇವ್ ಆದ ಮೇಲೂ ಮೇಲ್ಪಟ್ಟಿಯಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಎಂದೇ ಇರುತ್ತದೆ. ಮುಚ್ಚಿ ಮತ್ತೆ ತೆರೆದಾಗ ಮಾತ್ರ ಪೂರ್ತಿ ಸಾಲುಗಳು ಸಿಗುತ್ತವೆ. ಬದಲಿಸುವ ಮುಂಚೆ ಪ್ರತಿ ಶೀಟಿಗೂ ಮೂರು ಅಂಕಿ ಬರೆದಿಟ್ಟುಕೊಳ್ಳಿ: ಸಂಖ್ಯೆಗಳ ಒಟ್ಟು ಮೊತ್ತ, ಖಾಲಿಯಲ್ಲದ ಸೆಲ್ಲುಗಳ ಎಣಿಕೆ, ದೋಷ ತೋರಿಸುವ ಸೆಲ್ಲುಗಳ ಎಣಿಕೆ. ಹೊಸ ಫೈಲಿನಲ್ಲಿ ಕಂಟ್ರೋಲ್ ಆಲ್ಟ್ ಎಫ್9 ಒತ್ತಿ ಎಲ್ಲ ಸೂತ್ರಗಳನ್ನೂ ಹೊಸದಾಗಿ ಲೆಕ್ಕ ಹಾಕಿಸಿ, ಆಮೇಲೆ ಹೋಲಿಸಿ. ಈ ಹೆಜ್ಜೆ ಬಿಟ್ಟರೆ ಹಿಂದೆ ಉಳಿಸಿದ ಬೆಲೆಗಳನ್ನೇ ನೋಡಿ ತಾಳೆಯಾಯಿತು ಎಂದುಕೊಳ್ಳುವ ಸಂಭವವಿದೆ. ಮೊತ್ತ ತಾಳೆಯಾದರೂ ಅಲ್ಲಿಗೆ ನಿಲ್ಲಿಸಬೇಡಿ. ಮೇಲೆ ಹೇಳಿದ ತೆರಿಗೆಯ ಫೈಲಿನಂಥದ್ದರಲ್ಲಿ ಪಟ್ಟಿಯಿಂದ ಪ್ರತಿಯೊಂದು ವರ್ಷವನ್ನೂ ಆರಿಸಿ, ಹಳೆಯ ಹೊಸ ಎರಡು ಫೈಲನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಎಲ್ಲ ಸರಿ ಎಂದು ಖಾತ್ರಿಯಾದ ಮೇಲೆ ಹಳೆಯ ಫೈಲಿನ ಹೆಸರಿನ ಮುಂದೆ ‘ಹಳೆಯದು_ತಿದ್ದಬೇಡಿ’ ಎಂದು ಸೇರಿಸಿ ಬೇರೆ ಫೋಲ್ಡರಿಗೆ ಸರಿಸಿ, ಓದಲು ಮಾತ್ರ ಅನುಮತಿ ಇಡಿ. ಹೆಸರೂ ಜಾಗವೂ ಬದಲಾದ್ದರಿಂದ ಕಣ್ತಪ್ಪಿ ಉಳಿದ ಲಿಂಕು ಯಾವುದಾದರೂ ಇದ್ದರೆ, ಓದುವ ಫೈಲನ್ನು ಡೆಸ್ಕ್‌ಟಾಪಿನಲ್ಲಿ ತೆರೆದು ಲಿಂಕುಗಳನ್ನು ಅಪ್‌ಡೇಟ್ ಮಾಡಿದ ಕೂಡಲೇ ಮೂಲ ಸಿಗುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಆಗ ‘ಚೇಂಜ್ ಸೋರ್ಸ್’ ಕೊಟ್ಟು ಅದನ್ನು ಹೊಸ ಫೈಲಿಗೆ ಜೋಡಿಸಿ.